ಕೊಳ್ಳೇಗಾಲದ ಪ್ಲೇಟು, ಮೈಸೂರಿನ ಪ್ಲೇಟು

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮೈಸೂರಿಗೆ ಸೇರಿರಲಿಲ್ಲ. ಅದು ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಹನೂರು, ಮಾದಪ್ಪನ ಬೆಟ್ಟ ಎಲ್ಲವೂ ಅದರೊಳಗೇ. ಇಪ್ಪತ್ತು ಕಿಲೋಮೀಟರ್ ಕೂಡ ದೂರವಿಲ್ಲದ ಯಳಂದೂರು ಮಾತ್ರ ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರ ವಂಶಕ್ಕೆ ಕೊಟ್ಟ ಜಹಗೀರು. ಒಂದೇ ಮಾತು, ಒಂದೇ ರಾಗಿಮುದ್ದೆ, ಒಬ್ಬನೇ ದೇವರು ಮಾದಪ್ಪ. ಕಂದಾಯ ಕಟ್ಟುವ ಊರು ಬೇರೆ. ನನ್ನ ಚಿಕ್ಕಪ್ಪನ ಮೈಕ್‌ಸೆಟ್ ಅಂಗಡಿಯ ಗ್ರಾಮಾಫೋನ್ ಪ್ಲೇಟಿನ ಟ್ರಂಕು ತೆಗೆದರೆ, ಗಡಿ ಅಳಿಸಿ ವರ್ಷಗಳಾದ ಮೇಲೂ ಅದರ ಗುರುತು ಕಾಣುತ್ತಿತ್ತು. ಮೇಲಿನ ಅರ್ಧ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ. ಕೆಳಗಿನ ಅರ್ಧ ಟಿ.ಎಂ. ಸೌಂದರರಾಜನ್ ಹಾಡಿದ ತಮಿಳು ಸಿನಿಮಾ ಹಾಡು, ಮುರುಗನ ಹಾಡು. ಯಳಂದೂರಿನ ಕಡೆ ಮದುವೆಯಾದರೆ ಮೇಲಿನ ಅರ್ಧ ಸಾಕು. ಹನೂರು ದಾಟಿ ರಾಮಾಪುರದ ಕಡೆಗೆ ಹೊರಟರೆ ಟ್ರಂಕನ್ನು ಇಡಿಯಾಗಿ ಎತ್ತಿಕೊಂಡು ಹೋಗಬೇಕು.

ನಾನು ಹನೂರಿನಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದು ನಿವೃತ್ತನಾದವನು. ಪ್ಲೇಟು ಕೂಡಿಡುವ ಹುಚ್ಚು ಚಿಕ್ಕಪ್ಪನಿಂದ ಬಂತು. ಅದು ಈಗ ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೂ ಅಂಟಿದೆ. ಅವನು ತರಿಸುವುದು ಹಳೆಯ ಜಾಝ್, ಬ್ಲೂಸ್, ಯುರೋಪಿನ ಶಾಸ್ತ್ರೀಯ ಸಂಗೀತದ ಮರುಮುದ್ರಣಗಳನ್ನು. ಒಂದೊಂದು ಪ್ಲೇಟು 180 ಗ್ರಾಂ ತೂಗುತ್ತದೆ. ಯಾವ ಟೇಪಿನಿಂದ ತೆಗೆದದ್ದು, ಗೆರೆ ಕೊರೆದವರು ಯಾರು, ಯಾವ ಕಾರ್ಖಾನೆಯಲ್ಲಿ ಅಚ್ಚಾಯಿತು, ಇದೆಲ್ಲವನ್ನೂ ತಿಳಿದುಕೊಂಡೇ ಕೊಳ್ಳುವವರು ಇವರು. ಇದು ದುಡ್ಡಿದ್ದವರ ಶೋಕಿ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅರವತ್ತು ಎಪ್ಪತ್ತು ವರ್ಷದ ಹಿಂದೆ ಒಂದು ಕೋಣೆಯಲ್ಲಿ ಕೆಲವರು ಕೂತು ನುಡಿಸಿದ್ದನ್ನು, ಅವರೆಲ್ಲ ಹೋದ ಮೇಲೂ, ಇದ್ದ ಹಾಗೇ ಕೇಳಿಸಬೇಕೆಂದು ಇಷ್ಟು ಶ್ರಮ ಪಡುವವರ ಮೇಲೆ ನನಗೆ ಗೌರವವಿದೆ. ಆದರೆ ಕೊಳ್ಳೇಗಾಲದಿಂದ ನೋಡುವವನಿಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಮರುಮುದ್ರಣ ಆಗುವುದು ಚೆನ್ನಾಗಿ ಹಾಡಿದ್ದೆಲ್ಲ ಅಲ್ಲ, ಮೊದಲ ಮುದ್ರಣವನ್ನು ಯಾರೋ ಜೋಪಾನ ಮಾಡಿದ್ದು.

ಮೊದಲ ಮುದ್ರಣ ಎಂದರೆ 1902ಕ್ಕೆ ಹೋಗಬೇಕು. ಆ ವರ್ಷ ಎರಡು ಸಂಗತಿ ನಡೆದವು. ನಮ್ಮ ಪಕ್ಕದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅದೇ ವರ್ಷ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗಾಯಕಿ ಗೌಹರ್ ಜಾನ್ ಅವರ ದನಿಯನ್ನು ಮುದ್ರಿಸಿಕೊಂಡ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳುವುದು ಆ ಪ್ಲೇಟುಗಳಲ್ಲಿ ಕೇಳುತ್ತದೆ. ಮೂಲ ತಟ್ಟೆ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಹಾಡಿದವರು ಯಾರೆಂದು ಅಲ್ಲಿನ ಕೆಲಸದವರಿಗೆ ಗೊತ್ತಾಗಲಿ ಎಂದು ಈ ಏರ್ಪಾಡು. ಆ ಗೌಹರ್ ಜಾನ್ ಕೊನೆಗಾಲಕ್ಕೆ ಮೈಸೂರಿಗೇ ಬಂದರು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ಸೇರಿಸಿಕೊಂಡರು. 1930ರ ಜನವರಿಯಲ್ಲಿ ಅವರು ಮೈಸೂರಿನಲ್ಲೇ ತೀರಿಕೊಂಡರು.

ಕರೆಂಟು ಹುಟ್ಟಿದ್ದು ನಮ್ಮ ಪಕ್ಕದಲ್ಲೇ ಆದರೂ ನಮ್ಮ ಹಳ್ಳಿಗಳಿಗೆ ಅದು ಬರಲು ಎಷ್ಟೋ ದಶಕ ಬೇಕಾಯಿತು. ಅಲ್ಲಿಯತನಕ ಉಳ್ಳವರ ಮನೆಯಲ್ಲಿ ಕೀಲಿ ಕೊಟ್ಟು ಓಡಿಸುವ ಗ್ರಾಮಾಫೋನ್ ಪೆಟ್ಟಿಗೆ. ಪ್ಲೇಟಿನ ಕಚ್ಚಾವಸ್ತು ಅರಗು, ಮರದ ಕೊಂಬೆಗೆ ಕಚ್ಚಿಕೊಂಡ ಹುಳ ಸುರಿಸುವ ಅಂಟು. ಕೌರವರು ಮನೆ ಕಟ್ಟಿಸಿದ ಅದೇ ಅರಗು. ಅದಕ್ಕೆ ಕಲ್ಲಿನ ಪುಡಿ ಬೆರೆಸಿ, ಕಾಯಿಸಿ, ಒತ್ತಿದರೆ ಪ್ಲೇಟು. ನಿಮಿಷಕ್ಕೆ 78 ಸುತ್ತು, ಹತ್ತಿಂಚಿನ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ. ಕೈಜಾರಿದರೆ ಚೂರು. ಉಕ್ಕಿನ ಮುಳ್ಳನ್ನು ಒಂದೆರಡು ಹಾಡಿಗೊಮ್ಮೆ ಬದಲಾಯಿಸಬೇಕು, ಇಲ್ಲದಿದ್ದರೆ ಅದು ಗೆರೆಯನ್ನೇ ತಿನ್ನುತ್ತದೆ. ನಮ್ಮ ದೇಶದ ಪ್ಲೇಟುಗಳು 1908ರಿಂದ ಕಲ್ಕತ್ತದಲ್ಲೇ ಅಚ್ಚಾಗತೊಡಗಿದವು, ಆಮೇಲೆ ಡಮ್‌ಡಮ್‌ನ ಕಾರ್ಖಾನೆಯಲ್ಲಿ. ಅಮೆರಿಕದಲ್ಲಿ 1948ರಲ್ಲಿ ಲಾಂಗ್ ಪ್ಲೇ ಬಂದು ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೇಲೆ ಹಾಡು ಹಿಡಿಯತೊಡಗಿದ ಮೇಲೂ ನಮ್ಮಲ್ಲಿ 78ರ ಪ್ಲೇಟು 1960ರ ದಶಕದುದ್ದಕ್ಕೂ ಓಡಿತು. ಹಳ್ಳಿಯ ಪೆಟ್ಟಿಗೆಗಳು ಇನ್ನೂ ಕೀಲಿಯವೇ ಆಗಿದ್ದವು.

ಚಿಕ್ಕಪ್ಪನ ಕಾಲಕ್ಕೆ ಕೀಲಿ ಹೋಗಿ ಬ್ಯಾಟರಿ ಬಂದಿತ್ತು. ಅಹುಜಾ ಆಂಪ್ಲಿಫಯರ್, ಎರಡು ಹಾರ್ನ್, ಗಾಡಿಯ ಮೇಲೆ ಕೂರಿಸಿದ ಬ್ಯಾಟರಿ, ಸೂಟ್‌ಕೇಸಿನಂಥ ಪ್ಲೇಯರ್. ಮದುವೆ ಮನೆ ತಲುಪಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಹಾರ್ನನ್ನು ತೆಂಗಿನಮರದ ತುದಿಗೆ ಕಟ್ಟಿಸುವುದು. ಬೆಳಗಿನ ಜಾವಕ್ಕೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. 1963ರ ಆ ಪ್ಲೇಟು ನಮ್ಮ ಸೀಮೆಯ ಮದುವೆ, ಗೃಹಪ್ರವೇಶಗಳಲ್ಲಿ ತೇಯ್ದಷ್ಟು ಇನ್ನಾವುದೂ ತೇಯ್ದಿರಲಾರದು. ಆಮೇಲೆ ಸಿನಿಮಾ ಹಾಡು. ನಾನು ಪ್ಲೇಟು ಬದಲಾಯಿಸುವ ಹುಡುಗ. ಬೆರಳು ಗೆರೆಗೆ ತಾಗಿದರೆ ತಲೆಗೆ ಒಂದು ಬೀಳುತ್ತಿತ್ತು. "ಗೆರ ಮುಟ್ಟಬ್ಯಾಡ ಕಣ್ಲಾ, ಅಂಚ ಹಿಡ್ಕ. ನಿನ್ ಕಯ್ನ ಎಣ್ಣ ಎಲ್ಲ ಹಾಡಾಯ್ತದ." ಹಾರ್ನಿನಲ್ಲಿ ಮಂದ್ರದ ದನಿ ಬರುವುದೇ ಇಲ್ಲ; ಮೃದಂಗ ಬಡಿದರೆ ತಗಡು ಬಡಿದಂತೆ ಕೇಳುತ್ತದೆ. ಆದರೆ ಅದು ಹೊಲದಾಚೆಯ ಊರಿಗೂ ಮುಟ್ಟುತ್ತಿತ್ತು. ಮದುವೆ ಯಾರ ಮನೆಯಲ್ಲಿ ಎಂದು ಹಾಡಿನ ದಿಕ್ಕಿನಿಂದಲೇ ಜನ ತಿಳಿಯುತ್ತಿದ್ದರು.

ಅತಿ ಹೆಚ್ಚು ಕೇಳಿಕೆ ಬರುತ್ತಿದ್ದುದು ರಾಜ್‌ಕುಮಾರ್ ಹಾಡಿಗೆ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಇದೇ ಸೀಮೆಯವರು, ಗುಬ್ಬಿ ಕಂಪನಿಯಲ್ಲಿ ಪಾತ್ರ ಮಾಡಿದ ನಟರು. ಆ ತಂದೆಯ ದನಿ ಹೇಗಿತ್ತು ಎಂದು ನಮ್ಮ ಹಿರಿಯರು ವರ್ಣಿಸುತ್ತಿದ್ದರು. ಕೇಳುವುದಕ್ಕೆ ಒಂದು ಪ್ಲೇಟು ನನ್ನ ಕೈಗೆ ಸಿಕ್ಕಿಲ್ಲ. ಮಗನ ಪಾತ್ರಗಳಿಗೆ ಪಿ.ಬಿ. ಶ್ರೀನಿವಾಸ್ ಹಾಡುತ್ತಿದ್ದ ಕಾಲ ಅದು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂದು, ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ರಾಜ್‌ಕುಮಾರ್ ತಾವೇ ಹಾಡಿದ ಎಮ್ಮೆಯ ಹಾಡು ಪ್ಲೇಟಾಗಿ ಅಂಗಡಿಗೆ ಬಂದಾಗ ಚಿಕ್ಕಪ್ಪ ಒಂದೇ ಹಾಡಿಗೆ ಎರಡು ಪ್ರತಿ ಕೊಂಡ. ಒಂದು ಸವೆದರೆ ಇನ್ನೊಂದು ಇರಲಿ ಎಂದು. ಮೂಲವೊಂದನ್ನು ತೆಗೆದಿಡುವ ಬುದ್ಧಿಯನ್ನು ನಾನು ಮೊದಲು ಕಂಡದ್ದು ಅಲ್ಲಿ.

ಇದೆಲ್ಲ ನಡೆಯುವ ಎಷ್ಟೋ ಮೊದಲೇ, ನಮ್ಮಿಂದ ಅರವತ್ತು ಕಿಲೋಮೀಟರ್ ಆಚೆ ಮೈಸೂರಿನ ಅರಮನೆಯಲ್ಲಿ, ಆ ಕಾಲದ ಅಂದಾಜಿನಂತೆ ಸುಮಾರು 20,000 ಪ್ಲೇಟುಗಳಿದ್ದವು. ಜಯಚಾಮರಾಜ ಒಡೆಯರು ಪಿಯಾನೋ ವಾದಕರಾಗಬೇಕೆಂದು ಬಯಸಿದ್ದವರು. 1940ರಲ್ಲಿ ಪಟ್ಟ ಏರಬೇಕಾಗಿ ಬಂದದ್ದರಿಂದ ಆ ಆಸೆ ನಿಂತಿತು. ಕರ್ನಾಟಕ ಸಂಗೀತಕ್ಕೆ ಅವರು ಬರೆದ ಕೃತಿಗಳನ್ನು ಎಲ್ಲರೂ ಬಲ್ಲರು. ಪಾಶ್ಚಾತ್ಯ ಸಂಗೀತಕ್ಕೆ ಅವರು ಮಾಡಿದ್ದು ನಮ್ಮಲ್ಲಿ ಅಷ್ಟು ಪ್ರಚಾರವಾಗಿಲ್ಲ. ಲಂಡನ್ನಿನಲ್ಲಿ ಕಾಯಿಲೆ ಬಿದ್ದು, ಜನ ಮರೆಯುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ಮುದ್ರಿಸಲೆಂದೇ 1940ರ ದಶಕದ ಕೊನೆಯಲ್ಲಿ ಒಡೆಯರು ಮೆಟ್ನರ್ ಸೊಸೈಟಿ ಕಟ್ಟಿ ದುಡ್ಡು ಕೊಟ್ಟರು. ಮೆಟ್ನರ್ ತಮ್ಮ ಮೂರೂ ಪಿಯಾನೋ ಕನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾ ವಾದ್ಯವೃಂದದ ಜೊತೆ ತಾವೇ ನುಡಿಸಿ ಎಚ್.ಎಂ.ವಿ.ಗೆ ಮುದ್ರಿಸಿದರು. 1951ರಲ್ಲಿ ತೀರಿಕೊಂಡರು. ಮೂರನೆಯ ಕನ್ಸರ್ಟೊ ಮೈಸೂರು ಮಹಾರಾಜರಿಗೇ ಅರ್ಪಿತ. ಆ ಮುದ್ರಣಗಳು ಮತ್ತೆ ಮತ್ತೆ ಹೊರಬಂದಿವೆ, ಇವತ್ತೂ ಕೊಳ್ಳಬಹುದು. ಒಡೆಯರು ಮುಂದಾಗದಿದ್ದರೆ ಮೆಟ್ನರ್ ಕೈಯ ನಾದ ಇಷ್ಟು ಉಳಿಯುತ್ತಿರಲಿಲ್ಲ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಕೇಳಿಬಂದವು. ಹಾಡಿದ್ದು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಸ್ಟ್ರಾಸ್ ತೀರಿಕೊಂಡು ಎಂಟು ತಿಂಗಳಾಗಿತ್ತು. ಕಛೇರಿಗೆ 4,800 ಡಾಲರಿನ ಖಾತರಿ ಕೊಟ್ಟವರು ಒಡೆಯರು. ತಾವು ಹೋಗಲಾಗದ್ದರಿಂದ ಅದನ್ನು ಮುದ್ರಿಸಿ ಮೈಸೂರಿಗೆ ಕಳಿಸುವಂತೆ ಏರ್ಪಾಡು ಮಾಡಿದರು. ಆ ಮುದ್ರಣದಲ್ಲಿ ಕರಕರ ಸದ್ದೇ ಹೆಚ್ಚು. ಆದರೂ ಲಂಡನ್ನಿನ ಟೆಸ್ಟಮೆಂಟ್ ಕಂಪನಿಯವರು ಅದನ್ನು ಆದಷ್ಟು ತಿದ್ದಿ ಸಿ.ಡಿ.ಯಾಗಿ ತಂದರು. ನಾನು ಕೇಳಿದ್ದೇನೆ. ಮಳೆಯಂಥ ಸದ್ದಿನ ಹಿಂದಿನಿಂದ ಫ್ಲಾಗ್‌ಸ್ಟಾಡ್ ದನಿ ಮೇಲೇಳುತ್ತದೆ. ಆ ದನಿ ಮೈಸೂರಿನ ಒಬ್ಬ ಅರಸನ ಆಸೆಯಿಂದ ಉಳಿದದ್ದು ಎಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ.

ಅದೇ 1950ರಲ್ಲಿ ಮಾದಪ್ಪನ ಬೆಟ್ಟದಲ್ಲಿ ಅವನ ಕಥೆ ಹಾಡುತ್ತಿದ್ದ ದೇವರಗುಡ್ಡರ ಪ್ಲೇಟು ಮಾತ್ರ ಚಿಕ್ಕಪ್ಪನ ಟ್ರಂಕಿನಲ್ಲಿ ಇರಲಿಲ್ಲ. ಇದಕ್ಕೆ ಒಡೆಯರನ್ನು ದೂರುವುದು ನ್ಯಾಯವಲ್ಲ. ಬೆಟ್ಟ ಆಗ ಅವರ ಸೀಮೆಯೂ ಅಲ್ಲ. ಕಂಪನಿಗಳು ಮುದ್ರಿಸಿದ್ದು ಆಸ್ಥಾನದ ಸಂಗೀತ, ನಾಟಕದ ಹಾಡು, ಆಮೇಲೆ ಸಿನಿಮಾ. ಕೊಳ್ಳುವವರು ಇದ್ದದ್ದು ಅದಕ್ಕೆ. ಆದರೆ ಇನ್ನೊಂದು ಕಾರಣ ಹಾಡಿನೊಳಗೇ ಇತ್ತು.

ಮಾದಪ್ಪನ ಕಾವ್ಯ ಸಾಲುಗಳಾಗಿ, ಅಂದರೆ ಕಥೆಯ ಭಾಗಗಳಾಗಿ ನಡೆಯುತ್ತದೆ. ಶ್ರವಣಾಸುರನ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸರಗೂರಯ್ಯನ ಸಾಲು. ಸಂಕಮ್ಮನ ಸಾಲೊಂದನ್ನೇ ತಗೊಳ್ಳಿ: ಗಂಡ ನೀಲಯ್ಯ ಜೇನಿಗೆ ಹೋಗುವ ಮೊದಲು ಹೆಂಡತಿಯ ಮೇಲೆ ಅನುಮಾನ ಪಟ್ಟು ಕೊಡುವ ಹಿಂಸೆ, ಅವಳ ಮೊರೆ, ಮಾದಪ್ಪ ಬಂದು ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುವುದು. ಒಳ್ಳೆಯ ಹಾಡುಗಾರ ಇದನ್ನು ಮೂರು ಗಂಟೆ ಹಾಡಿದ ಎನ್ನೋಣ. 78ರ ಪ್ಲೇಟಿನಲ್ಲಿ ಹಿಡಿಯಲು ಅರವತ್ತು ಮಗ್ಗುಲು ಬೇಕು, ಅಂದರೆ ಮೂವತ್ತು ಪ್ಲೇಟು. ಲಾಂಗ್ ಪ್ಲೇಯಲ್ಲಾದರೂ ನಾಲ್ಕೈದು. ಇಡೀ ಕಾವ್ಯಕ್ಕೆ ರಾತ್ರಿಗಳೇ ಬೇಕು. ಕೇಳುವವರು ಕಣ್ಣೀರಿಟ್ಟರೆ ಹಾಡುಗಾರ ಅಲ್ಲಿ ನಿಲ್ಲುತ್ತಾನೆ, ಹಿಂಬಾಲಕರು ಸೊಲ್ಲನ್ನು ಎತ್ತಿ ಎತ್ತಿ ಹಾಡುತ್ತಾರೆ. ನಾನು ಹನೂರಿನಲ್ಲಿದ್ದಾಗ ಹಿರಿಯ ದೇವರಗುಡ್ಡರೊಬ್ಬರನ್ನು ಶಾಲೆಗೆ ಕರೆದು ಅರ್ಧ ಗಂಟೆ ಹಾಡಿ ಎಂದು ಕೇಳಿದ್ದೆ. "ಮಾದಪ್ಪನ್ ಸಾಲ ಗಂಟ ನೋಡ್ಕಂಡು ಹಾಡಕ್ಕಾದ್ದಾ ಮೇಷ್ಟ್ರೇ?" ಎಂದರು. ಆಮೇಲೆ ಸಂಜೆವರೆಗೂ ಹಾಡಿದರು. ಹುಡುಗರು ಕದಲಲಿಲ್ಲ.

ಬ್ಲೂಸ್ ಹಾಡುಗಾರರಿಗೂ ಇದೇ ಆಯಿತು. ಮಿಸಿಸಿಪ್ಪಿಯ ಹತ್ತಿ ಹೊಲಗಳ ನಡುವೆ ಶನಿವಾರ ರಾತ್ರಿಯಿಡೀ ಕುಣಿಸುತ್ತಿದ್ದ ಚಾರ್ಲಿ ಪ್ಯಾಟನ್ ಅಂಥವರನ್ನು 1929ರಲ್ಲಿ ಪ್ಯಾರಮೌಂಟ್ ಕಂಪನಿ ಮುದ್ರಿಸಿದಾಗ ಅವರೂ ಮೂರು ನಿಮಿಷಕ್ಕೆ ಮೊಟಕಾದರು. ಆ ಕಂಪನಿ ಹುಟ್ಟಿದ್ದು ವಿಸ್ಕಾನ್ಸಿನ್‌ನ ಪೀಠೋಪಕರಣದ ವ್ಯಾಪಾರಿಗಳಿಂದ. ವ್ಯಾಪಾರ ಮುಳುಗಿದಾಗ ಹಾಡಿನ ಲೋಹದ ಮೂಲ ಅಚ್ಚುಗಳು ಗುಜರಿಗೆ ಹೋದವು. ಇವತ್ತು ಪ್ಯಾಟನ್ ಹಾಡಿನ ಮರುಮುದ್ರಣ ಎಂದು ಎಷ್ಟೇ ಚೆಂದದ ಪೆಟ್ಟಿಗೆಯಲ್ಲಿ ಬಂದರೂ ಅದು ಯಾರದೋ ಮನೆಯಲ್ಲಿ ಉಳಿದ ಸವೆದ ಪ್ಲೇಟಿನಿಂದ ತೆಗೆದದ್ದು. ಆ ಸವೆದ ಪ್ಲೇಟುಗಳನ್ನು ಬಾಗಿಲು ಬಾಗಿಲು ತಟ್ಟಿ ಹುಡುಕಿದ ಸಂಗ್ರಾಹಕರಿಲ್ಲದಿದ್ದರೆ ಅದೂ ಇಲ್ಲ.

ಜಾಝ್‌ಗೆ ಅದೃಷ್ಟ ಚೆನ್ನಾಗಿತ್ತು. ರೂಡಿ ವ್ಯಾನ್ ಗೆಲ್ಡರ್ ಎಂಬವರು, ಕಣ್ಣು ಪರೀಕ್ಷಿಸಿ ಕನ್ನಡಕಕ್ಕೆ ನಂಬರು ಕೊಡುವವರು, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ತಂದೆತಾಯಿಯ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. 1957ರ ಸೆಪ್ಟೆಂಬರ್ 15ರಂದು ಅಲ್ಲಿ ಜಾನ್ ಕೋಲ್ಟ್ರೇನ್ 'ಬ್ಲೂ ಟ್ರೇನ್' ಮುದ್ರಿಸಿದರು. ಬ್ಲೂ ನೋಟ್ ಕಂಪನಿಯಲ್ಲಿ ಆ ಟೇಪು ಉಳಿಯಿತು. 2022ರಲ್ಲಿ ಜೋ ಹಾರ್ಲಿ ಮೇಲ್ವಿಚಾರಣೆಯಲ್ಲಿ, ಕೆವಿನ್ ಗ್ರೇ ಮೂಲ ಟೇಪಿನಿಂದಲೇ ಗೆರೆ ಕೊರೆದು, ಅದು ಟೋನ್ ಪೊಯೆಟ್ ಮಾಲಿಕೆಯಲ್ಲಿ ಮತ್ತೆ ಬಂತು. ಅಕ್ಕನ ಮಗ ಅದನ್ನು ಹಾಕಿದ ದಿನ ನಾನು ಸ್ಯಾಕ್ಸೊಫೋನಿಗಿಂತ ಹೆಚ್ಚಾಗಿ ಕೇಳಿದ್ದು ಫಿಲಿ ಜೋ ಜೋನ್ಸ್ ಬಡಿಯುವ ಕಂಚಿನ ತಾಳವನ್ನು. ಕೋಲು ತಾಗಿದ ಸದ್ದು ಬೇರೆ, ಆಮೇಲೆ ಹರಡುವ ಝೇಂಕಾರ ಬೇರೆ, ಅದು ಆರುವುದು ಬೇರೆ. ನನಗೆ ತಕ್ಷಣ ಹೊಳೆದದ್ದು ದೇವರಗುಡ್ಡರ ಕಂಸಾಳೆ. ಎಡಗೈಯ ಕಂಚಿನ ಬಟ್ಟಲಿಗೆ ಬಲಗೈಯ ತಟ್ಟೆ ತಾಗಿದಾಗಲೂ ಇದೇ ಮೂರು ಹಂತ ಇದೆ. ಬೆಟ್ಟದಲ್ಲಿ ಹತ್ತಿರ ಕೂತು ಕೇಳಿದವರಿಗೆ ಗೊತ್ತು. ನಮ್ಮ ಮನೆಯ ಕ್ಯಾಸೆಟ್‌ಗಳಲ್ಲಿ ಅದು ಚಿಸ್ ಎಂಬ ಒಂದೇ ಸದ್ದಾಗಿ ಉಳಿದಿದೆ.

ಕ್ಯಾಸೆಟ್ಟಿನ ವಿಷಯ ಸ್ವಲ್ಪ ಹೇಳಲೇಬೇಕು, ಏಕೆಂದರೆ ನಮ್ಮ ಹಾಡು ಕೊನೆಗೂ ಅಂಗಡಿಗೆ ಬಂದದ್ದು ಅದರಿಂದ. 1980ರ ದಶಕದಲ್ಲಿ ಪ್ಲೇಟು ಹಿಂದೆ ಸರಿದು ಕ್ಯಾಸೆಟ್ಟು ಅಗ್ಗವಾದಾಗ ಸಣ್ಣ ಸಣ್ಣ ಕಂಪನಿಗಳೂ ಮುದ್ರಣಕ್ಕೆ ಇಳಿದವು. ಬೆಟ್ಟದ ಜಾತ್ರೆಯಲ್ಲಿ, ಚಿಕ್ಕಲ್ಲೂರು ಜಾತ್ರೆಯಲ್ಲಿ ವಿಭೂತಿ, ಕಡ್ಲೆಪುರಿಯ ಪಕ್ಕದಲ್ಲೇ ಮಾದಪ್ಪನ ಕ್ಯಾಸೆಟ್ಟು, ಸಿದ್ದಪ್ಪಾಜಿಯ ಕ್ಯಾಸೆಟ್ಟು. ಮಳವಳ್ಳಿ ಮಹದೇವಸ್ವಾಮಿಯವರ ದನಿ ಬಸ್ಸಿನಲ್ಲಿ, ಟೀ ಅಂಗಡಿಯಲ್ಲಿ, ರೇಷ್ಮೆ ಮಗ್ಗದ ಮನೆಯಲ್ಲಿ ಕೇಳತೊಡಗಿತು. ಅದು ದೊಡ್ಡ ಸಂಗತಿ. ತಂಬೂರಿ ಹಿಡಿದ ನೀಲಗಾರರು, ಕಂಸಾಳೆಯವರು ತಮ್ಮ ಹಾಡಿಗೆ ಬೆಲೆ ಇದೆ ಎಂದು ಕಂಡುಕೊಂಡರು. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮನ ಹಾಡು ನಾಡಿನಾದ್ಯಂತ ಹಬ್ಬುವ ಹೊತ್ತಿಗೆ ನಮ್ಮ ಕಡೆ ಆ ಹಾಡು ಮನೆಮಾತಾಗಿತ್ತು. ಆದರೆ ಕ್ಯಾಸೆಟ್ಟು ಒಂದು ಗಂಟೆಯದು. ಸಾಲು ಮತ್ತೆ ಮೊಟಕಾಯಿತು. ಮೇಲೆ ಕೀಬೋರ್ಡು, ರಿದಮ್ ಪ್ಯಾಡ್ ಸೇರಿಸಿದರು; ದಮ್ಮಡಿಯ ಬಡಿತ ಅದರಡಿ ಮುಳುಗಿತು. ನನಗೆ ಆ ಬೆರಕೆ ಆಗಲೂ ಒಗ್ಗಲಿಲ್ಲ, ಈಗಲೂ ಒಗ್ಗುವುದಿಲ್ಲ.

ಉದ್ದಕ್ಕೆ ಹಾಡಿದ್ದನ್ನು ಉದ್ದಕ್ಕೇ ಹಿಡಿದವರು ವಿದ್ವಾಂಸರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದ ಎಚ್.ಎಲ್. ನಾಗೇಗೌಡರು ಟೇಪ್‌ರೆಕಾರ್ಡರ್ ಹೊರಿಸಿಕೊಂಡು ಊರೂರು ಸುತ್ತಿದರು. ಆ ಸಂಗ್ರಹ ರಾಮನಗರದ ಜಾನಪದ ಲೋಕದಲ್ಲಿದೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದಪ್ಪನ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು, 2001ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು. ಈಗ ಲಂಡನ್ನಿನಲ್ಲಿ ಕೂತವರೂ ಸಂಕಮ್ಮನ ಕಥೆ ಓದಬಹುದು. ಅಷ್ಟಾದರೂ ಹೆಬ್ಬಣಿ ಮಾದಯ್ಯ 'ಎಲೆ ಮಾಯ್ಕಾರ' ಎನ್ನುವಾಗ ದನಿ ಎಲ್ಲಿ ಒಡೆಯುತ್ತಿತ್ತು ಎನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. ಒಂದು ಇಡೀ ಸಾಲು, ಕತ್ತರಿ ಹಾಕದೆ, ಕೀಬೋರ್ಡು ಬೆರೆಸದೆ, ಮೂಲ ಟೇಪಿನಿಂದ ನಾಲ್ಕೈದು ದಪ್ಪ ಪ್ಲೇಟುಗಳಾಗಿ ಬರಬೇಕು. ಹಾಡಿದವರ ಹೆಸರು, ಹಿಂಬಾಲಕರ ಹೆಸರು, ಹಾಡಿದ ಊರು, ದಿನ ಲಕೋಟೆಯ ಮೇಲೆ ಇರಬೇಕು. 'ಬ್ಲೂ ಟ್ರೇನ್'ಗೆ ಸಿಕ್ಕ ಆ ಮರ್ಯಾದೆ ಸಂಕಮ್ಮನ ಸಾಲಿಗೂ ಸಿಗಬೇಕು ಎಂಬುದು ನನ್ನ ಆಸೆ.

ಟೇಪು ಕಾಯುವುದಿಲ್ಲ. ಅದರ ಅಂಟು ಸಡಿಲಾಗುತ್ತದೆ, ಬೂಷ್ಟು ಹಿಡಿಯುತ್ತದೆ. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದಾಗ ಜಾಝ್, ಬ್ಲೂಸ್‌ನ ಮೂಲ ಟೇಪುಗಳೂ ಸುಟ್ಟುಹೋದವು ಎಂದು 2019ರಲ್ಲಿ ಸುದ್ದಿಯಾಯಿತು. ಅಷ್ಟು ದೊಡ್ಡ ಕಂಪನಿಯಲ್ಲೇ ಹೀಗಾದರೆ ನಮ್ಮ ಅಟ್ಟದ ಮೇಲಿನ ಡಬ್ಬದ ಗತಿ ಹೇಳಬೇಕಿಲ್ಲ.

ಈಗ ನಾನು ಪರಿಚಯದವರ ಮನೆಗಳಿಂದ ಹಳೆಯ ಕ್ಯಾಸೆಟ್ಟು ತಂದು ಕಂಪ್ಯೂಟರಿಗೆ ಇಳಿಸುತ್ತಿದ್ದೇನೆ. ಅಂಗಡಿಯ ಕ್ಯಾಸೆಟ್ಟಿಗಿಂತ ನನಗೆ ಬೇಕಾದದ್ದು ಮನೆಯವರೇ ಮಾಡಿಕೊಂಡ ಮುದ್ರಣ: ಮಗನ ಮುಡಿ ಕೊಟ್ಟ ದಿನ ದೇವರಗುಡ್ಡರನ್ನು ಕರೆಸಿ ಹಾಡಿಸಿದಾಗ ಯಾರೋ ಟೂ ಇನ್ ಒನ್ನಿನ ಗುಂಡಿ ಒತ್ತಿ ಬಿಟ್ಟದ್ದು. ಅದರಲ್ಲಿ ಮಗು ಅಳುತ್ತದೆ, ಪಾತ್ರೆ ಬೀಳುತ್ತದೆ, ಆದರೆ ಹಾಡುಗಾರ ಗಡಿಯಾರ ನೋಡಿ ಹಾಡಿರುವುದಿಲ್ಲ. ಅಂಥದ್ದು ನಿಮ್ಮಲ್ಲಿದ್ದರೆ ಒಲೆಯ ಹೊಗೆಯಿಂದ, ಟಿ.ವಿ. ಸ್ಪೀಕರಿನ ಅಯಸ್ಕಾಂತದಿಂದ ದೂರ, ನೆಟ್ಟಗೆ ನಿಲ್ಲಿಸಿ ಇಡಿ. ಕ್ಯಾಸೆಟ್ಟಿನ ಹಿಂದೆ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ, ಅವನ್ನು ಮುರಿದರೆ ಮೇಲೆ ಬೇರೆ ಹಾಡು ಮುದ್ರಣವಾಗುವುದಿಲ್ಲ. ಬೂಷ್ಟು ಕಂಡರೆ ಟೇಪ್‌ರೆಕಾರ್ಡರಿಗೆ ಹಾಕಬೇಡಿ, ಹಾಗೇ ನನಗೆ ಕೊಡಿ. ಹಾಡಿದವರ ಹೆಸರು ನೆನಪಿದ್ದರೆ ಒಂದು ಚೀಟಿಯಲ್ಲಿ ಇವತ್ತೇ ಬರೆದಿಡಿ. ಹೆಸರು ಬಲ್ಲವರು ಮನೆಯಲ್ಲಿ ಅಜ್ಜಿಯೊಬ್ಬರೇ ಇರಬಹುದು, ಅವರನ್ನು ಮೊದಲು ಕೇಳಿ.